ಗಬ್ಬದ ನಾಯಿಯ ದಿನಚರಿ: ಕೂಡಿದ ದಿನದಿಂದ ಮರಿ ಕಣ್ಣು ಬಿಡುವವರೆಗೆ

ನಾಯಿಯನ್ನು ಕೂಡಿಸಿದ ದಿನವೇ ಒಂದು ನೋಟ್‌ಪುಸ್ತಕ ತೆರೆದು ತಾರೀಖು ಬರೆದಿಡಬೇಕು. ಎರಡು ಸಲ ಕೂಡಿದ್ದರೆ ಎರಡೂ ತಾರೀಖು. ಅದೇ ಪುಟದಲ್ಲಿ ಅವತ್ತಿನ ತೂಕ. ಇಷ್ಟು ಸಣ್ಣ ಕೆಲಸವನ್ನು ಹೆಚ್ಚಿನವರು ಮಾಡುವುದಿಲ್ಲ. ಎಂಟು ವಾರ ಕಳೆದ ಮೇಲೆ ವೈದ್ಯರು ಕೇಳುವ ಮೊದಲ ಪ್ರಶ್ನೆ ಮಾತ್ರ ಅದೇ ಆಗಿರುತ್ತದೆ. ಎಷ್ಟೋ ಸಲ ನೋಡುವುದಕ್ಕೆ ಚೆನ್ನಾಗಿಯೇ ಇರುವ ತಾಯಿಯೂ ಮರಿಯೂ ತೂಕದ ಅಂಕಿಯಲ್ಲಿ ಆಗಲೇ ಇಳಿಯತೊಡಗಿರುತ್ತವೆ. ಅದು ಕಣ್ಣಿಗೆ ಕಾಣುವ ಹೊತ್ತಿಗೆ ಅರ್ಧ ಸಮಯ ಕೈಬಿಟ್ಟು ಹೋಗಿರುತ್ತದೆ.

ನಾಯಿಯ ಗಬ್ಬ 63 ದಿನ ಅನ್ನುತ್ತಾರೆ. ಮಾತು ಸರಿ, ಆದರೆ ಆ 63 ದಿನ ಎಣಿಸಬೇಕಾದದ್ದು ಅಂಡ ಬಿಡುಗಡೆಯಾದ ದಿನದಿಂದ. ಗಂಡಿನ ವೀರ್ಯಾಣು ಹೆಣ್ಣಿನ ಒಡಲಲ್ಲಿ ಐದಾರು ದಿನ, ಒಮ್ಮೊಮ್ಮೆ ಒಂದು ವಾರ ಬದುಕಿರುತ್ತದೆ. ಬಿಡುಗಡೆಯಾದ ಅಂಡ ಫಲಿಸುವಷ್ಟು ಬಲಿಯುವುದಕ್ಕೂ ಎರಡು ಮೂರು ದಿನ ಬೇಕು. ಹಾಗಾಗಿ ಕೂಡಿದ ದಿನದಿಂದ ಲೆಕ್ಕ ಹಾಕಿದರೆ 57ನೇ ದಿನಕ್ಕೂ ಮರಿ ಹಾಕಬಹುದು, 72ನೇ ದಿನಕ್ಕೂ ಹಾಕಬಹುದು. ಬೆದೆಯಲ್ಲಿದ್ದಾಗಲೇ, ಅಂಡ ಬಿಡುಗಡೆಯಾದ ದಿನ ತಿಳಿಯಲು, ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ರಕ್ತಪರೀಕ್ಷೆ ಮಾಡಿಸಿದ್ದರೆ ಈ ಎರಡು ವಾರದ ಅನುಮಾನ ಒಂದೆರಡು ದಿನಕ್ಕೆ ಇಳಿಯುತ್ತದೆ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬೋಸ್ಟನ್ ಟೆರಿಯರ್‌ನಂಥ ತಳಿಗಳಲ್ಲಿ ಮರಿಯ ತಲೆ ದೊಡ್ಡದು, ತಾಯಿಯ ದಾರಿ ಕಿರಿದು. ಹೆಚ್ಚಿನವಕ್ಕೆ ಸಿಸೇರಿಯನ್ ಬೇಕಾಗುತ್ತದೆ. ಅಂಥ ನಾಯಿಗೆ ಈ ಪರೀಕ್ಷೆ ಬಿಡಲೇಬಾರದು. ದಿನದ ಲೆಕ್ಕ ತಪ್ಪಿ ಮೂರು ನಾಲ್ಕು ದಿನ ಮುಂಚೆ ತೆಗೆದ ಮರಿಗೆ ಶ್ವಾಸಕೋಶ ಬಲಿತಿರುವುದಿಲ್ಲ.

ಕೂಡಿಸುವ ಮೊದಲೇ ಮುಗಿಸಬೇಕಾದವು ಎರಡು. ಒಂದು, ಬಾಕಿ ಇರುವ ಲಸಿಕೆಗಳು. ಜೀವಂತ ವೈರಾಣು ಇರುವ ಲಸಿಕೆಯನ್ನು ಗಬ್ಬದಲ್ಲಿ ಕೊಡುವಂತಿಲ್ಲ. ಇನ್ನೊಂದು, ಗಂಡು ಹೆಣ್ಣು ಎರಡಕ್ಕೂ ಬ್ರುಸೆಲ್ಲಾ ಪರೀಕ್ಷೆ. ಗಬ್ಬ ಇಳಿಸುವ ಈ ರೋಗ ಮನುಷ್ಯರಿಗೂ ಅಂಟುತ್ತದೆ.

ಮೊದಲ ಮೂರು ವಾರ ಮಾಡುವಂಥದ್ದು ಏನೂ ಇಲ್ಲ. ಹಿಂದಿನ ಊಟ, ಹಿಂದಿನ ನಡಿಗೆ. ಮೂರನೆಯ ನಾಲ್ಕನೆಯ ವಾರದಲ್ಲಿ ಕೆಲವು ನಾಯಿಗಳು ನಾಲ್ಕೈದು ದಿನ ಊಟ ಬೇಡ ಅನ್ನುತ್ತವೆ, ಬೆಳಗ್ಗೆ ಒಮ್ಮೆ ವಾಂತಿಯೂ ಆಗಬಹುದು. ತಾನಾಗಿ ಸರಿಹೋಗುತ್ತದೆ. 30ನೇ ದಿನದ ಸುಮಾರಿಗೆ ಹಿಂದಿನಿಂದ ತಿಳಿಯಾದ, ಲೋಳೆಯಂಥ ದ್ರವ ಸ್ವಲ್ಪ ಕಂಡರೆ ಗಾಬರಿ ಬೇಡ. ಹಸಿರು, ಕೀವು, ರಕ್ತ, ಕೆಟ್ಟ ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ವೈದ್ಯರ ಬಳಿ ಹೋಗಬೇಕು.

ಗಬ್ಬ ನಿಂತಿದೆಯೋ ಇಲ್ಲವೋ ಎಂಬುದನ್ನು ಹೊಟ್ಟೆ ನೋಡಿ ಹೇಳಬೇಡಿ, ಮೊಲೆ ನೋಡಿ ಅಂತೂ ಹೇಳಲೇಬೇಡಿ. ಬೆದೆ ಮುಗಿದ ಮೇಲೆ ಗಬ್ಬ ನಿಂತ ನಾಯಿಯಲ್ಲೂ ನಿಲ್ಲದ ನಾಯಿಯಲ್ಲೂ ಪ್ರೊಜೆಸ್ಟರಾನ್ ಎರಡು ತಿಂಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅದಕ್ಕೇ ಸುಳ್ಳು ಗಬ್ಬ ಇಷ್ಟು ಸಾಮಾನ್ಯ: ಮೊಲೆ ಊದುತ್ತದೆ, ಹಾಲೂ ಇಳಿಯುತ್ತದೆ, ನಾಯಿ ಗೂಡು ಕಟ್ಟುತ್ತದೆ, ಮರಿ ಮಾತ್ರ ಇರುವುದಿಲ್ಲ. 28ನೇ ದಿನಕ್ಕೆ ಅಲ್ಟ್ರಾಸೌಂಡ್ ಮಾಡಿಸಿದರೆ ಮರಿಗಳ ಎದೆಬಡಿತವೇ ಕಾಣುತ್ತದೆ. ಆದರೆ ಆ ಪರದೆಯ ಮೇಲೆ ಎಣಿಸಿದ ಸಂಖ್ಯೆಯನ್ನು ನಂಬಿಕೊಳ್ಳಬಾರದು. ಒಂದೇ ಮರಿ ಎರಡು ಸಲ ಕಾಣುವುದೂ ಉಂಟು, ಒಂದರ ಹಿಂದೆ ಇನ್ನೊಂದು ಅಡಗುವುದೂ ಉಂಟು. ಎಣಿಕೆಗೆ ಎಕ್ಸ್-ರೇ ಬೇಕು. ಮರಿಗಳ ಮೂಳೆ ಎಕ್ಸ್-ರೇಯಲ್ಲಿ ಮೂಡತೊಡಗುವುದು 45ನೇ ದಿನದ ನಂತರ, ಸ್ಪಷ್ಟವಾಗಿ ತಲೆಬುರುಡೆ ಮತ್ತು ಬೆನ್ನೆಲುಬುಗಳನ್ನು ಲೆಕ್ಕ ಹಾಕಲು 55 ದಾಟಬೇಕು. ಆ ವಯಸ್ಸಿನಲ್ಲಿ ತೆಗೆದ ಒಂದೆರಡು ಎಕ್ಸ್-ರೇಯಿಂದ ಮರಿಗಳಿಗೆ ತೊಂದರೆ ಇಲ್ಲ. ಹೆರಿಗೆಯ ರಾತ್ರಿ ‘ಒಳಗೆ ಇನ್ನೊಂದು ಇದೆಯೋ ಇಲ್ಲವೋ’ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಈ ಒಂದು ಸಂಖ್ಯೆ ಮಾತ್ರ.

ಊಟದ ವಿಚಾರದಲ್ಲಿ ಪ್ರೀತಿಯೇ ಕೇಡು ಮಾಡುವುದು ಹೆಚ್ಚು. ಮರಿಗಳು ಮುಕ್ಕಾಲು ಪಾಲು ಬೆಳೆಯುವುದು ಕೊನೆಯ ಮೂರು ವಾರಗಳಲ್ಲಿ. ಐದನೆಯ ವಾರದವರೆಗೆ ಹೆಚ್ಚಿಗೆ ತಿನ್ನಿಸಿದ್ದೆಲ್ಲ ತಾಯಿಯ ಕೊಬ್ಬಾಗುತ್ತದೆ. ಕೊಬ್ಬಿದ ನಾಯಿಗೆ ಗರ್ಭಕೋಶ ಸರಿಯಾಗಿ ಹಿಂಡುವುದಿಲ್ಲ, ಹೆರಿಗೆ ಎಳೆಯುತ್ತದೆ. ಐದನೆಯ ವಾರ ಮುಗಿದ ಮೇಲೆ ವಾರಕ್ಕೆ ಶೇ 10ರಿಂದ 15ರಷ್ಟು ಏರಿಸುತ್ತ ಹೋಗಿ, ಬೆಳೆಯುವ ಮರಿಗಳಿಗೆಂದು ತಯಾರಾದ ಆಹಾರಕ್ಕೆ ನಿಧಾನವಾಗಿ ಬದಲಿಸುವುದು ಕ್ರಮ. ಕೊನೆಯ ಹತ್ತು ದಿನ ಗರ್ಭಕೋಶವೇ ಹೊಟ್ಟೆಯ ಜಾಗ ತಿಂದಿರುತ್ತದೆ, ಒಂದೇ ಸಲಕ್ಕೆ ಅಷ್ಟು ಊಟ ಹಿಡಿಯುವುದಿಲ್ಲ. ಅದನ್ನೇ ನಾಲ್ಕೈದು ಪಾಲು ಮಾಡಿ ಕೊಡಬೇಕು.

ಇನ್ನು ಕ್ಯಾಲ್ಸಿಯಂ. ಹೊಟ್ಟೆಯಲ್ಲಿ ಮರಿಗಳ ಮೂಳೆ ಬೆಳೆಯುತ್ತಿದೆ, ಕ್ಯಾಲ್ಸಿಯಂ ಕೊಡೋಣ ಎಂದು ತೋರುವುದು ಸಹಜ. ಕೊಡಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೂಳೆಯಿಂದ ಎಳೆದು ತುಂಬಿಸುವ ಕೆಲಸ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳದ್ದು. ಗಬ್ಬದುದ್ದಕ್ಕೂ ಹೊರಗಿನಿಂದ ಧಾರಾಳ ಬರುತ್ತಿದ್ದರೆ ಆ ಗ್ರಂಥಿಗಳಿಗೆ ಕೆಲಸವಿರುವುದಿಲ್ಲ, ಮಂದವಾಗುತ್ತವೆ. ಮರಿ ಹಾಕಿದ ಮೇಲೆ ಹಾಲಿಗಾಗಿ ಒಮ್ಮೆಲೇ ಬೇಡಿಕೆ ಏರಿದಾಗ ಎಚ್ಚರಗೊಳ್ಳಲು ದಿನಗಟ್ಟಲೆ ಬೇಕಾಗುತ್ತದೆ; ಅಷ್ಟರಲ್ಲಿ ನಾಯಿಗೆ ಸೆಟೆತ ಹಿಡಿದಿರುತ್ತದೆ. ಸಮತೂಕದ ಆಹಾರದಲ್ಲಿ ಬೇಕಾದಷ್ಟು ಇದ್ದೇ ಇರುತ್ತದೆ. ‘ಎ’ ಜೀವಸತ್ವದ ಹನಿಗಳು, ದಿನವೂ ಪಿತ್ತಜನಕಾಂಗ ತಿನ್ನಿಸುವುದು, ಇವೂ ಬೇಡ. ‘ಎ’ ಅತಿಯಾದರೆ ಮರಿಗೆ ಅಂಗುಳ ಸೀಳು ಬರುತ್ತದೆ.

ದುಂಡುಹುಳುವಿನ ಮರಿಗಳು ತಾಯಿಯ ಮಾಂಸದೊಳಗೆ ನಿದ್ದೆಯಲ್ಲಿದ್ದು, ಗಬ್ಬದ ಕೊನೆಯ ಭಾಗದಲ್ಲಿ ಎಚ್ಚೆತ್ತು ಮಾಸಿನ ಮೂಲಕ ಮರಿಗಳಿಗೆ ದಾಟುತ್ತವೆ. ಕೊಕ್ಕೆಹುಳು ಹಾಲಿನಲ್ಲಿ ಹೋಗುತ್ತದೆ. ಆದ್ದರಿಂದ ಮಲಪರೀಕ್ಷೆಯಲ್ಲಿ ಹುಳು ಕಾಣದಿದ್ದರೂ ಮರಿಗಳಲ್ಲಿ ಇರುತ್ತದೆ. 40ನೇ ದಿನದಿಂದ ಹೆರಿಗೆಯಾಗಿ 14 ದಿನದವರೆಗೆ ದಿನವೂ ಫೆನ್‌ಬೆಂಡಜೋಲ್ ಎಂಬ ಹುಳುವಿನ ಔಷಧಿ ಕೊಡುವ ಪದ್ಧತಿ ಈ ದಾಟುವಿಕೆಯನ್ನು ಬಹಳ ತಗ್ಗಿಸುತ್ತದೆ. ಪ್ರಮಾಣವನ್ನು ತೂಕ ನೋಡಿ ವೈದ್ಯರು ನಿಗದಿ ಮಾಡಬೇಕು. ಬೇರೆ ಯಾವ ಮಾತ್ರೆಯನ್ನೂ, ಚಿಗಟದ ಔಷಧಿಯನ್ನೂ, ಕೇಳದೆ ಕೊಡಬೇಡಿ.

ನಡಿಗೆ ಕೊನೆಯವರೆಗೂ ಇರಲಿ. ನಿಲ್ಲಿಸಬೇಕಾದದ್ದು ಜಿಗಿತ, ಮೆಟ್ಟಿಲ ಓಟ, ಬೇರೆ ನಾಯಿಗಳೊಡನೆ ಕುಸ್ತಿ. ಹೆರಿಗೆಗೆ ಮುಂಚಿನ ಮೂರು ವಾರ, ನಂತರದ ಮೂರು ವಾರ, ಒಟ್ಟು ಆರು ವಾರ ಹೊರಗಿನ ನಾಯಿಗಳನ್ನು ಹತ್ತಿರ ಸೇರಿಸಬಾರದು. ನಾಯಿಗಳ ಹರ್ಪಿಸ್ ವೈರಾಣು ದೊಡ್ಡ ನಾಯಿಗೆ ಬರೀ ನೆಗಡಿ, ಮೂರು ವಾರದೊಳಗಿನ ಮರಿಗೆ ಸಾವು. ಅದು ತಣ್ಣನೆಯ ಮೈಯಲ್ಲಿ ಚೆನ್ನಾಗಿ ಬೆಳೆಯುವ ವೈರಾಣು. ಮರಿಗಳನ್ನು ಬೆಚ್ಚಗಿಡುವುದಕ್ಕೆ ಇದೂ ಒಂದು ಕಾರಣ.

ಮರಿ ಹಾಕುವ ಪೆಟ್ಟಿಗೆ ಕನಿಷ್ಠ ಹತ್ತು ದಿನ ಮುಂಚೆ ತಯಾರಾಗಿ, ನಾಯಿ ಅದರಲ್ಲಿ ಮಲಗಿ ರೂಢಿಯಾಗಿರಬೇಕು. ತಾಯಿ ಮಗ್ಗುಲಾಗಿ ಕಾಲು ಚಾಚಿ ಮಲಗಿದ ಮೇಲೂ ಒಂದು ಬದಿ ಖಾಲಿ ಉಳಿಯಬೇಕು. ಲ್ಯಾಬ್ರಡಾರ್ ಗಾತ್ರಕ್ಕೆ 120 ಸೆಂ.ಮೀ. ಉದ್ದ, ಅಷ್ಟೇ ಅಗಲ ಸಾಕು. ಗೋಡೆ 45 ಸೆಂ.ಮೀ., ತಾಯಿ ದಾಟುವ ಬದಿಯಲ್ಲಿ ಮಾತ್ರ 15. ಒಳಗೋಡೆಗೆ ಸುತ್ತಲೂ, ನೆಲದಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಒಳಚಾಚಿದ ಪಟ್ಟಿಯೊಂದನ್ನು ಹೊಡೆಯಬೇಕು. ತಾಯಿ ಗೋಡೆಗೆ ಒರಗಿದಾಗ ಬೆನ್ನ ಹಿಂದೆ ಸಿಕ್ಕಿದ ಮರಿ ಅಪ್ಪಚ್ಚಿಯಾಗದೆ ಆ ಪಟ್ಟಿಯ ಅಡಿ ಉಳಿಯುತ್ತದೆ. ಎಷ್ಟೋ ಪೆಟ್ಟಿಗೆಗಳಲ್ಲಿ ಈ ಪಟ್ಟಿಯೇ ಇರುವುದಿಲ್ಲ, ಬೆಳಗ್ಗೆ ಒಂದು ಮರಿ ಸತ್ತು ಬಿದ್ದಿರುತ್ತದೆ. ಹೆರಿಗೆಯ ಹೊತ್ತಿಗೆ ಹಳೆಯ ದಿನಪತ್ರಿಕೆಗಳನ್ನು ಹತ್ತು ಪದರ ಹಾಸಿದರೆ ಒದ್ದೆಯಾದಂತೆ ಮೇಲಿನದನ್ನು ತೆಗೆಯುತ್ತ ಹೋಗಬಹುದು. ಹೆರಿಗೆ ಮುಗಿದ ಮೇಲೆ ಕಾಗದ ಬೇಡ, ಜಾರುತ್ತದೆ. ಜಾರುವ ನೆಲದಲ್ಲಿ ಬೆಳೆದ ಮರಿ ಕಾಲುಗಳನ್ನು ಪಕ್ಕಕ್ಕೆ ಹರಡಿಕೊಂಡು ಈಜುವಂತೆ ತೆವಳತೊಡಗುತ್ತದೆ. ಅಡಿಭಾಗ ಜಾರದಂಥ ದಪ್ಪ ಉಣ್ಣೆಹಾಸು ಒಳ್ಳೆಯದು. ಮರದ ಹೊಟ್ಟು ಮೂಗಿಗೂ ಹೊಕ್ಕುಳಿಗೂ ಅಂಟುತ್ತದೆ, ನೂಲು ಬಿಚ್ಚಿದ ಬಟ್ಟೆ ಉಗುರಿಗೆ, ಕತ್ತಿಗೆ ಸುತ್ತಿಕೊಳ್ಳುತ್ತದೆ; ಎರಡನ್ನೂ ದೂರವಿಡಿ.

ಶಾಖ ಪೆಟ್ಟಿಗೆಯ ಒಂದು ಮೂಲೆಗೆ ಮಾತ್ರ. ಮರಿಗಳ ಮಟ್ಟದಲ್ಲಿಟ್ಟ ಥರ್ಮಾಮೀಟರ್ ಮೊದಲ ವಾರ ಆ ಮೂಲೆಯಲ್ಲಿ 29ರಿಂದ 32 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಎರಡನೆಯ ವಾರದಿಂದ 26-28ಕ್ಕೆ ಇಳಿಸುತ್ತ, ನಾಲ್ಕನೆಯ ವಾರಕ್ಕೆ 24ರ ಸುಮಾರಿಗೆ ತರಬಹುದು. ಇಡೀ ಪೆಟ್ಟಿಗೆ ಕಾಯಿಸಿದರೆ ತಾಯಿ ಸೆಖೆ ತಾಳದೆ ಎದ್ದು ಹೋಗುತ್ತಾಳೆ, ಮರಿಗಳಿಗೆ ಮೈಯ ನೀರು ಆರುತ್ತದೆ. ಮರಿಗಳು ಒಂದರ ಮೇಲೊಂದು ರಾಶಿ ಬಿದ್ದು ಅಳುತ್ತಿದ್ದರೆ ಚಳಿ, ದೂರ ದೂರ ಹರಡಿ ಅಳುತ್ತಿದ್ದರೆ ಸೆಖೆ, ಅಕ್ಕಪಕ್ಕ ಅಂಟಿ ಮಲಗಿ ನಿದ್ದೆಯಲ್ಲಿ ಆಗಾಗ ಮಿಡುಕುತ್ತಿದ್ದರೆ ಹದ.

ಕೈಯಳತೆಯಲ್ಲಿ ಇರಬೇಕಾದವು: ಡಿಜಿಟಲ್ ಥರ್ಮಾಮೀಟರ್, ಗ್ರಾಂ ತೋರಿಸುವ ತಕ್ಕಡಿ, ಇಪ್ಪತ್ತಾದರೂ ಒಗೆದ ಟವೆಲ್, ಕೂಸುಗಳ ಮೂಗು ಹೀರುವ ರಬ್ಬರ್ ಬಲ್ಬ್, ಕುದಿಸಿದ ಕತ್ತರಿ, ಮೇಣವಿಲ್ಲದ ಗಟ್ಟಿ ದಾರ, ಪೊವಿಡೋನ್ ಅಯೋಡಿನ್, ಕೈಗವಸು, ಗುರುತಿಗೆ ಬಣ್ಣಬಣ್ಣದ ಪಟ್ಟಿ, ನಾಯಿಮರಿಗಳಿಗೆಂದೇ ಇರುವ ಹಾಲಿನ ಪುಡಿ, ಗೋಡೆಗಡಿಯಾರ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದು, ಸಿಸೇರಿಯನ್ ಮಾಡುವವರು ಇದ್ದಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಂಡಿರಬೇಕು. ಹೆರಿಗೆ ರಾತ್ರಿಯೂ ಆಗಬಹುದು.

58ನೇ ದಿನದಿಂದ ದಿನಕ್ಕೆ ಮೂರು ಸಲ, ಒಂದೇ ಹೊತ್ತಿಗೆ, ಗುದದಲ್ಲಿ ಥರ್ಮಾಮೀಟರ್ ಇಟ್ಟು ಬರೆಯಬೇಕು. ತುಂಬುಗಬ್ಬದಲ್ಲಿ 38 ಡಿಗ್ರಿ ಆಸುಪಾಸಿನಲ್ಲಿರುವ ಶಾಖ, ಪ್ರೊಜೆಸ್ಟರಾನ್ ಕುಸಿದೊಡನೆ, ಒಂದು ಡಿಗ್ರಿ ಜಾರಿ 37.2ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದ 24 ಗಂಟೆಯೊಳಗೆ ಹೆರಿಗೆ ಶುರುವಾಗುತ್ತದೆ. ಈ ಇಳಿತ ಕೆಲವು ಗಂಟೆ ಮಾತ್ರ ಇದ್ದು ಮತ್ತೆ ಏರುವುದರಿಂದ ದಿನಕ್ಕೊಮ್ಮೆ ನೋಡಿದವರಿಗೆ ಸಿಗುವುದೇ ಇಲ್ಲ. ಇಳಿದು 24 ಗಂಟೆ ಕಳೆದರೂ ಏನೂ ಆಗದಿದ್ದರೆ ಕಾಯುವುದಲ್ಲ, ಹೊರಡುವುದು. ಒಂದೇ ಮರಿ ಇರುವ ಗಬ್ಬದಲ್ಲಿ ಹೀಗಾಗುವುದು ಹೆಚ್ಚು. ಹೆರಿಗೆ ಶುರುಮಾಡಲು ಮರಿಗಳಿಂದ ಬರಬೇಕಾದ ಸೂಚನೆಗೆ ಬಲ ಸಾಲುವುದಿಲ್ಲ.

ಹೆರಿಗೆಯ ಮೊದಲ ಹಂತ 6ರಿಂದ 12 ಗಂಟೆ, ಚೊಚ್ಚಲು ಸೂಲಿಗೆ 24 ಗಂಟೆಯಾದರೂ ಆಗಬಹುದು. ತೇಕುತ್ತದೆ, ನಡುಗುತ್ತದೆ, ಹಾಸು ಕೆರೆದು ರಾಶಿ ಹಾಕುತ್ತದೆ, ತಿಂದದ್ದನ್ನು ಕಕ್ಕುತ್ತದೆ, ಹಿಂದಕ್ಕೆ ತಿರುಗಿ ತನ್ನ ಮಗ್ಗುಲನ್ನೇ ನೋಡುತ್ತದೆ. ಮಂದ ಬೆಳಕು, ಗೊತ್ತಿರುವ ಒಬ್ಬರು ಅಥವಾ ಇಬ್ಬರು, ಪಕ್ಕದಲ್ಲಿ ನೀರು. ಮನೆಮಂದಿಯೆಲ್ಲ ಸುತ್ತ ಕೂತರೆ ಹೆದರಿದ ನಾಯಿ ನೋವನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ. ಮೂತ್ರಕ್ಕೆ ಹೊರಗೆ ಒಯ್ಯುವಾಗ ಹಗ್ಗ ಹಾಕಿ, ಟಾರ್ಚ್ ಮತ್ತು ಟವೆಲ್ ಹಿಡಿದೇ ಹೋಗಬೇಕು. ಅಲ್ಲೇ ಮರಿ ಬೀಳುವುದುಂಟು.

ಹೊಟ್ಟೆ ಬಿಗಿಹಿಡಿದು ಮುಕ್ಕತೊಡಗಿದ ಕ್ಷಣದ ಸಮಯ ಬರೆಯಿರಿ. ಇನ್ನು ಮುಂದೆ ಎಲ್ಲವೂ ಗಡಿಯಾರದ ಮೇಲೆ. ಬಲವಾಗಿ ಮುಕ್ಕುತ್ತ 20ರಿಂದ 30 ನಿಮಿಷವಾದರೂ ಮರಿ ಬರದಿದ್ದರೆ ಅಡ್ಡ ಸಿಕ್ಕಿದೆ ಎಂದು ತಿಳಿದು ವೈದ್ಯರಿಗೆ ಫೋನ್. ಬಿಟ್ಟು ಬಿಟ್ಟು, ಬಲವಿಲ್ಲದೆ ಮುಕ್ಕುತ್ತ ಎರಡು ಗಂಟೆ ಕಳೆದರೂ ಹಾಗೆಯೇ. ಒಳಗೆ ಮರಿ ಇದೆಯೆಂದು ಎಕ್ಸ್-ರೇ ಹೇಳುತ್ತಿದ್ದು, ಹಿಂದಿನ ಮರಿಯಾಗಿ ಎರಡು ಗಂಟೆಗಿಂತ ಹೆಚ್ಚಾದರೂ ಫೋನ್. ಇನ್ನೊಂದು ಗುರುತು ಕಡುಹಸಿರು ದ್ರವ. ಮಾಸು ಗರ್ಭಕೋಶದಿಂದ ಬಿಡುವಾಗ ಅಂಚಿನ ರಕ್ತ ಈ ಹಸಿರಿಗೆ ತಿರುಗುತ್ತದೆ. ಮೊದಲ ಮರಿ ಹುಟ್ಟಿದ ಮೇಲೆ ಹಸಿರು ಕಂಡರೆ ಸಹಜ. ಒಂದೂ ಹುಟ್ಟುವ ಮೊದಲೇ ಕಂಡರೆ, ಒಳಗಿನ ಮರಿಗೆ ತಾಯಿಯಿಂದ ಬರುವ ಉಸಿರು ಕಡಿದಿದೆ ಎಂದು ಅರ್ಥ. ಮರಿ ಬೆನ್ನಿಗೇ ಬರದಿದ್ದರೆ ತಕ್ಷಣ ಹೊರಡಬೇಕು.

ಇಂಥ ಹೊತ್ತಿನಲ್ಲಿ ಯಾರೋ ಹೇಳಿದರೆಂದು ಗರ್ಭಕೋಶ ಹಿಂಡಿಸುವ ಆಕ್ಸಿಟೋಸಿನ್ ಚುಚ್ಚುವುದು ತೀರಾ ಕೆಟ್ಟ ತಪ್ಪು. ದಾರಿಗೆ ಅಡ್ಡ ಮರಿ ಸಿಕ್ಕಿರುವಾಗ ಗರ್ಭಕೋಶವನ್ನು ಬಲವಂತದಿಂದ ಹಿಂಡಿಸಿದರೆ ಅದು ಹರಿಯಬಹುದು, ಒಳಗೆ ಕಾಯುತ್ತಿರುವ ಮರಿಗಳ ಮಾಸೂ ಬಿಡಬಹುದು. ಅಡ್ಡಿ ಇಲ್ಲವೆಂದು ಪರೀಕ್ಷಿಸಿ ತಿಳಿದ ಮೇಲೆ ವೈದ್ಯರೇ ಕೊಡಬೇಕಾದ ಔಷಧಿ ಅದು.

ಬಾಲ ಮೊದಲು ಬರುವ ಮರಿ ನಾಯಿಗಳಲ್ಲಿ ಅಪರೂಪವಲ್ಲ, ಹೆಚ್ಚುಕಡಿಮೆ ಅರ್ಧದಷ್ಟು ಹಾಗೆಯೇ ಹುಟ್ಟುತ್ತವೆ. ಮರಿ ಅರ್ಧ ಹೊರಬಂದು ನಿಂತರೆ ಒಣ ಟವೆಲಿನಿಂದ ಮೈಯನ್ನು ಹಿಡಿದು, ತಾಯಿ ಮುಕ್ಕಿದಾಗ ಮಾತ್ರ, ಅವಳ ಹಿಂಗಾಲುಗಳ ನಡುವೆ ಕೆಳಮುಖವಾಗಿ ಮೆಲ್ಲಗೆ ಎಳೆಯಬೇಕು. ಒಂದೇ ಕಾಲು, ಬಾಲ ಅಥವಾ ತಲೆ ಹಿಡಿದು ಎಳೆಯಬಾರದು.

ಹುಟ್ಟಿದ ಮರಿಯ ನೀರುಚೀಲವನ್ನು ತಾಯಿ ನೆಕ್ಕಿ ಹರಿಯುತ್ತಾಳೆ. ಅರ್ಧ ನಿಮಿಷ ಕಾದರೂ ಹರಿಯದಿದ್ದರೆ ಮೂತಿಯ ಹತ್ತಿರ ನೀವೇ ಹರಿದು, ಮೊದಲು ಬಾಯಿ, ಆಮೇಲೆ ಮೂಗು ಒರೆಸಿ, ತಲೆ ತುಸು ಕೆಳಗಿರುವಂತೆ ಹಿಡಿದು ಬೆನ್ನನ್ನು ಟವೆಲಿನಿಂದ ರಭಸವಾಗಿ ಉಜ್ಜಬೇಕು. ಕಾಲು ಹಿಡಿದು ಬೀಸಿ ಕೊಡವುವ ಹಳೆಯ ಪದ್ಧತಿ ಬಿಡಲೇಬೇಕು, ಮಿದುಳಿನಲ್ಲಿ ರಕ್ತ ಸೋರುತ್ತದೆ. ಎದೆಬಡಿತ ಬೆರಳಿಗೆ ಸಿಗುತ್ತಿದ್ದರೆ ಇಪ್ಪತ್ತು ನಿಮಿಷವಾದರೂ ಉಜ್ಜುವುದನ್ನು ಬಿಡಬೇಡಿ; ಕೈಬಿಟ್ಟೆವು ಅಂದುಕೊಂಡ ಹೊತ್ತಿನಲ್ಲಿ ಮರಿ ಬಾಯಿ ತೆರೆಯುತ್ತದೆ. ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಸೆಂ.ಮೀ. ದೂರ ದಾರದಿಂದ ಕಟ್ಟಿ, ಕಟ್ಟಿನಾಚೆ ಕತ್ತರಿಸಿ, ತುದಿಯನ್ನು ಅಯೋಡಿನ್‌ನಲ್ಲಿ ಅದ್ದುವುದು. ಬಳ್ಳಿ ಜಗ್ಗಿದರೆ ಹೊಟ್ಟೆಯ ಗೋಡೆ ಬಿರಿದು ಹರ್ನಿಯಾ ಆಗುತ್ತದೆ. ಪ್ರತಿ ಮರಿಗೊಂದು ಮಾಸು. ಬಿದ್ದದ್ದನ್ನು ಎಣಿಸಿ ಬರೆಯಿರಿ. ಒಂದೆರಡನ್ನು ತಾಯಿ ತಿಂದರೆ ತಿನ್ನಲಿ, ಎಲ್ಲ ತಿಂದರೆ ಭೇದಿ ಹಿಡಿಯುತ್ತದೆ. ಆಮೇಲೆ ತೂಕ, ಗಂಡೋ ಹೆಣ್ಣೋ, ಬಣ್ಣದ ಪಟ್ಟಿ, ಸಮಯ. ಬಾಯಿ ತೆರೆದು ಅಂಗುಳು ನೋಡುವುದನ್ನು ಮರೆಯಬಾರದು.

ಮರಿಯನ್ನು ತಕ್ಷಣ ಮೊಲೆಗೆ ಹಿಡಿಸಿ. ಚೀಪಿದಷ್ಟೂ ತಾಯಿಯ ಗರ್ಭಕೋಶ ಹಿಂಡುತ್ತದೆ, ಮುಂದಿನ ಮರಿಗೆ ದಾರಿಯಾಗುತ್ತದೆ. ಗಿಣ್ಣುಹಾಲಿಗೆ ಗಡುವೂ ಇದೆ. ರೋಗನಿರೋಧಕಗಳ ಶೇ 90ಕ್ಕಿಂತ ಹೆಚ್ಚು ಪಾಲು ನಾಯಿಮರಿಗೆ ಸಿಗುವುದು ಈ ಹಾಲಿನಿಂದ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಮೊದಲ 8-12 ಗಂಟೆ ಚೆನ್ನಾಗಿ ತೆರೆದಿದ್ದು, 24 ಗಂಟೆಗೆ ಮುಚ್ಚಿಬಿಡುತ್ತದೆ.

ಮೊದಲ ಎರಡು ವಾರದ ದೈವ ತಕ್ಕಡಿ. ಬೆಳಗ್ಗೆ ಸಂಜೆ ಒಂದೇ ಹೊತ್ತಿಗೆ ಪ್ರತಿ ಮರಿಯನ್ನೂ ತೂಗಬೇಕು. ಮೊದಲ ದಿನ ಹುಟ್ಟುತೂಕದ ಶೇ 10ರವರೆಗೆ ಇಳಿಯಬಹುದು. ಆಮೇಲೆ ದಿನಕ್ಕೆ ಶೇ 5ರಿಂದ 10 ಏರಿ, ಹತ್ತನೇ ದಿನದೊಳಗೆ ಎರಡರಷ್ಟಾಗಬೇಕು. 300 ಗ್ರಾಂ ಹುಟ್ಟಿದ ಮರಿ ಹತ್ತನೇ ದಿನ 600 ಮುಟ್ಟಿರಬೇಕು ಎಂಬುದು ಸರಳ ಲೆಕ್ಕ. ಎರಡು ತೂಕ ಸತತವಾಗಿ ಏರದ ಮರಿ, ಎಷ್ಟೇ ದುಂಡಗೆ ಕಂಡರೂ, ತೊಂದರೆಯಲ್ಲಿದೆ.

ಅಂಥ ಮರಿ ಸಿಕ್ಕಾಗ ಎಲ್ಲರ ಕೈ ಹಾಲಿನ ಬಾಟಲಿಗೆ ಹೋಗುತ್ತದೆ. ಮೊದಲು ಮೈ ಮುಟ್ಟಿ ನೋಡಿ. ಹೊಸಮರಿಗೆ ನಡುಗಿ ಬಿಸಿಯಾಗುವ ಶಕ್ತಿ ಇಲ್ಲ. ಮೈಶಾಖ 34.5ಕ್ಕಿಂತ ಕೆಳಗಿಳಿದರೆ ಚೀಪುವುದನ್ನು ಬಿಡುತ್ತದೆ, ಕರುಳು ನಿಲ್ಲುತ್ತದೆ. ಆಗ ಹೊಯ್ದ ಹಾಲು ಜೀರ್ಣವಾಗದೆ ಹುಳಿಯುತ್ತದೆ ಅಥವಾ ಶ್ವಾಸಕೋಶಕ್ಕೆ ಇಳಿಯುತ್ತದೆ. ನಿಮ್ಮ ಅಂಗಿಯೊಳಗೆ ಮೈಗೆ ಒತ್ತಿ, ಒಂದೆರಡು ಗಂಟೆ ತೆಗೆದುಕೊಂಡು ನಿಧಾನವಾಗಿ 36ಕ್ಕೆ ತಂದ ಮೇಲೆಯೇ ಹಾಲು. ಬಿಸಿನೀರಲ್ಲಿ ಅದ್ದಿ ಒಮ್ಮೆಲೇ ಕಾಯಿಸಿದರೆ ಮರಿಯ ಜೀವಕ್ಕೇ ಅಪಾಯ. ಹಸುವಿನ ಹಾಲು ಸಾಲದು: ನಾಯಿಯ ಹಾಲಿನಲ್ಲಿ ಪ್ರೋಟೀನೂ ಕೊಬ್ಬೂ ಅದರ ಎರಡು ಪಟ್ಟು, ಸಕ್ಕರೆ ಕಡಿಮೆ. ನಾಯಿಮರಿಯ ಹಾಲಿನ ಪುಡಿಯನ್ನು ಹೇಳಿದ ಪ್ರಮಾಣದಲ್ಲೇ ಕಲಸಿ, 100 ಗ್ರಾಂ ತೂಕಕ್ಕೆ ಒಂದು ಸಲಕ್ಕೆ 4 ಮಿ.ಲೀ. ಮೀರದಂತೆ, ಎರಡು ಮೂರು ಗಂಟೆಗೊಮ್ಮೆ. ಮರಿ ಹೊಟ್ಟೆಯ ಮೇಲೆ ಮಲಗಿ ತಲೆ ಎತ್ತಿ ಕುಡಿಯಬೇಕು; ಕೂಸಿನ ಹಾಗೆ ಅಂಗಾತ ಹಿಡಿದರೆ ಹಾಲು ನೆತ್ತಿಗೇರುತ್ತದೆ. ಕುಡಿಸಿದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸದಿದ್ದರೆ ಮೂತ್ರ, ಮಲ ಎರಡೂ ಬರುವುದಿಲ್ಲ.

ಬಾಣಂತಿಯ ಊಟಕ್ಕೆ ಈಗ ಲೆಕ್ಕ ಬೇಡ. ಹಾಲು ಮೇಲೇರುವ ಮೂರನೆಯ ನಾಲ್ಕನೆಯ ವಾರದಲ್ಲಿ ಹಿಂದಿನ ಎರಡರಿಂದ ನಾಲ್ಕು ಪಟ್ಟು ತಿನ್ನುತ್ತಾಳೆ. ಮೊದಲೆರಡು ದಿನ ಶಾಖ 39.4ರವರೆಗೆ ಇರಬಹುದು. ಸ್ರಾವ ಹಸಿರಿನಿಂದ ಇಟ್ಟಿಗೆ ಬಣ್ಣಕ್ಕೆ ತಿರುಗಿ ಕೆಲವು ವಾರ ತೊಟ್ಟಿಕ್ಕುತ್ತದೆ. ನಾತ ಬಂದರೆ ಗರ್ಭಕೋಶಕ್ಕೆ ಸೋಂಕು. ದಿನವೂ ಮೊಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಬಿಸಿ, ಗಟ್ಟಿ, ಕೆನ್ನೀಲಿ ಇದ್ದರೆ ಕೆಚ್ಚಲುಬಾವು. ಮರಿಗಳ ಉಗುರನ್ನು ವಾರಕ್ಕೊಮ್ಮೆ ಕತ್ತರಿಸುವುದರಿಂದ ಕೆಚ್ಚಲುಬಾವಿನ ಅಪಾಯ ತಗ್ಗುತ್ತದೆ.

ಸೆಟೆತದ ಕಾಲವೂ ಇದೇ, ಅದರಲ್ಲೂ ದೊಡ್ಡ ಸೂಲು ಹಾಕಿದ ಚಿಕ್ಕ ತಳಿಗಳಿಗೆ. ಶುರುವಾಗುವುದು ಸಣ್ಣದಾಗಿ: ಕಾರಣವಿಲ್ಲದೆ ತೇಕುವುದು, ಮರಿಗಳ ಬಳಿ ನಿಲ್ಲದಿರುವುದು, ಮುಖ ಉಜ್ಜಿಕೊಳ್ಳುವುದು, ಕಾಲು ಮರಗಟ್ಟಿದಂತೆ ನಡೆಯುವುದು. ಕೆಲವೇ ಗಂಟೆಗಳಲ್ಲಿ ನಡುಕ, ಸೆಟೆತ, 41 ಡಿಗ್ರಿ ಜ್ವರ. ಮರಿಗಳನ್ನು ಆಗಲೇ ಬಿಡಿಸಿ, ನಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ಎದೆಬಡಿತ ನೋಡುತ್ತ ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಇಳಿಸಿದರೆ ಕಣ್ಣೆದುರೇ ಚೇತರಿಸುತ್ತದೆ. ಮರುದಿನದವರೆಗೆ ಮರಿಗಳಿಗೆ ಬಾಟಲಿ ಹಾಲೇ ಗತಿ.

10ರಿಂದ 14ನೇ ದಿನದೊಳಗೆ ಮರಿಗಳು ಕಣ್ಣು ಬಿಡುತ್ತವೆ. ತೆರೆಯುವ ಮೊದಲೇ ರೆಪ್ಪೆಯ ಕೆಳಗೆ ಉಬ್ಬು ಕಂಡರೆ ಒಳಗೆ ಕೀವು ಕಟ್ಟಿದೆ, ವೈದ್ಯರು ತೆರೆದು ತೊಳೆಯಬೇಕು. ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ, ಅಂದರೆ 2, 4, 6, 8ನೇ ವಾರ, ಮರಿಗಳಿಗೂ ತಾಯಿಗೂ ಹುಳುವಿನ ಔಷಧಿ. ಎಂಟು ವಾರ ತುಂಬಿ ಮರಿ ಹೊಸ ಮನೆಗೆ ಹೊರಡುವಾಗ ಅದರ ಪುಟವನ್ನು ನೋಟ್‌ಪುಸ್ತಕದಿಂದ ನಕಲು ಮಾಡಿ ಜೊತೆಗೆ ಕಳಿಸಿ: ಹುಟ್ಟಿದ ತಾರೀಖು, ಸಮಯ, ಹುಟ್ಟುತೂಕ, ದಿನದಿನದ ತೂಕ, ಔಷಧಿ ಕೊಟ್ಟ ದಿನಗಳು, ಏನು ತಿನ್ನುತ್ತಿದೆ, ದಿನಕ್ಕೆ ಎಷ್ಟು ಸಲ.